ಬಯೋಡೇಟಾ ಕಳಿಸಿ ಕಳಿಸಿ ಸಾಕಾಯಿತೇ? ತಪ್ಪು ಎಲ್ಲಿದೆ ಎಂದು ಹಿಡಿಯುವ ದಾರಿ

ಅರ್ಜಿ ಹಾಕಿ ತಿಂಗಳಾದರೂ ಕರೆ ಬರದಿದ್ದಾಗ ಹೆಚ್ಚಿನವರು ಡಿಟಿಪಿ ಅಂಗಡಿಗೆ ಹೋಗಿ ಹೊಸ ಡಿಸೈನಿನ ಬಯೋಡೇಟಾ ಮಾಡಿಸುತ್ತಾರೆ. ಬಣ್ಣ ಬದಲಾಗುತ್ತದೆ, ತಪ್ಪು ಹಾಗೇ ಉಳಿಯುತ್ತದೆ. ಬಯೋಡೇಟಾ ನಾಲ್ಕೈದು ಕಡೆ ನಿಲ್ಲಬಹುದು: ಅದು ತಲುಪದೇ ಇರಬಹುದು, ತಲುಪಿಯೂ ತೆರೆಯದಿರಬಹುದು, ತೆರೆದರೂ ಓದುವವರಿಗೆ ಬೇಕಾದದ್ದು ಸಿಗದಿರಬಹುದು, ಓದಿ ಕರೆದ ಮೇಲೆ ಮಾತಿನಲ್ಲಿ ಸೋಲಬಹುದು, ಆಯ್ಕೆಯಾಗಿಯೂ ದಾಖಲೆಯಲ್ಲಿ ಸಿಕ್ಕಿಬೀಳಬಹುದು. ಒಂದೊಂದಕ್ಕೂ ಲಕ್ಷಣ ಬೇರೆ, ಮದ್ದು ಬೇರೆ. ನಿಂತ ಜಾಗ ಗೊತ್ತಾದರೆ ತಿದ್ದುವುದು ಅರ್ಧ ದಿನದ ಕೆಲಸ.

ಕಲಬುರಗಿ, ಬೀದರ್, ಯಾದಗಿರಿಯಿಂದ ಹೊರಡುವ ಬಯೋಡೇಟಾಗಳನ್ನು ಗಮನದಲ್ಲಿಟ್ಟು ಇದನ್ನು ಬರೆದಿದೆ. ಇಲ್ಲಿ ಹೇಳುವುದೆಲ್ಲ ಖಾಸಗಿ ಕೆಲಸಗಳಿಗೆ. ಸರ್ಕಾರಿ ನೇಮಕಾತಿಯಲ್ಲಿ ಬಯೋಡೇಟಾ ನಡೆಯುವುದಿಲ್ಲ, ಅಲ್ಲಿ ನಿಗದಿತ ಅರ್ಜಿ ನಮೂನೆಯೇ ಎಲ್ಲ.

ಮೊದಲು ಒಂದು ಪುಟದ ಲೆಕ್ಕ

ಕೊನೆಯ ಹತ್ತು ಅರ್ಜಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ: ತಾರೀಖು, ಸಂಸ್ಥೆ, ಹುದ್ದೆ, ಹೇಗೆ ಕಳಿಸಿದಿರಿ (ಮೇಲ್, ವಾಟ್ಸ್‌ಆ್ಯಪ್, ಜಾಲತಾಣ, ಕೈಯಾರೆ), ಮುಂದೆ ಏನಾಯಿತು. ಕೊನೆಯ ಕಾಲಮ್ಮಿನಲ್ಲೇ ಉತ್ತರವಿರುತ್ತದೆ. ಹತ್ತಕ್ಕೆ ಹತ್ತೂ ಖಾಲಿ ಇದ್ದರೆ ಕೆಳಗಿನ ಮೊದಲ ಭಾಗದಿಂದ ಶುರು ಮಾಡಿ. ಮೇಲ್‌ನಲ್ಲಿ ಕಳಿಸಿದವು ಮಾತ್ರ ಖಾಲಿ, ಕೈಯಾರೆ ಕೊಟ್ಟಲ್ಲೆಲ್ಲ ಕರೆ ಬಂದಿದ್ದರೆ ಬರೆದ ವಿಷಯದಲ್ಲಿ ತಪ್ಪಿಲ್ಲ, ಫೈಲಿನಲ್ಲಿ ಇದೆ. ಕರೆ ಬಂದು ಮಾತಿನಲ್ಲೇ ಮುಗಿಯುತ್ತಿದ್ದರೆ ಫೈಲನ್ನು ಮುಟ್ಟಲೇಬೇಡಿ. ಈ ಲೆಕ್ಕವಿಲ್ಲದೆ ಬಯೋಡೇಟಾ ಬದಲಿಸುತ್ತ ಹೋದರೆ ಯಾವ ಬದಲಾವಣೆಯಿಂದ ಏನಾಯಿತು ಎಂದು ಗೊತ್ತೇ ಆಗುವುದಿಲ್ಲ.

ಲಕ್ಷಣ: ಯಾರಿಂದಲೂ ಏನೂ ಸುದ್ದಿಯಿಲ್ಲ

ಮೊದಲು ದುಡ್ಡು ಖರ್ಚಾಗದ ಪರೀಕ್ಷೆಗಳು. ಮನೆಯವರ ಫೋನ್ ತೆಗೆದುಕೊಂಡು, ಬಯೋಡೇಟಾದಲ್ಲಿ ಅಚ್ಚಾದ ನಂಬರನ್ನು ಒಂದೊಂದೇ ಅಂಕಿ ನೋಡಿ ಒತ್ತಿ. ನೆನಪಿನಿಂದ ಒತ್ತಬೇಡಿ, ತಪ್ಪು ಅಂಕಿಯನ್ನು ನೆನಪು ತಾನೇ ಸರಿಮಾಡಿಬಿಡುತ್ತದೆ. ನಿಮ್ಮ ಫೋನ್ ರಿಂಗಾಗಬೇಕು. ಆಗದಿದ್ದರೆ ಒಂದೋ ಅಂಕಿ ತಪ್ಪಿದೆ, ಇಲ್ಲವೇ ಅದು ಹಳೆಯ ಸಿಮ್, ಇಲ್ಲವೇ ರೀಚಾರ್ಜ್ ಮುಗಿದಿದೆ. ರೀಚಾರ್ಜ್ ಮುಗಿದ ಮೇಲೆ ಕೆಲವು ದಿನಗಳಲ್ಲಿ ಒಳಬರುವ ಕರೆಯೂ ನಿಲ್ಲುತ್ತದೆ ಎನ್ನುವುದನ್ನು ಕೆಲಸ ಹುಡುಕುವಾಗ ಮರೆಯಬಾರದು. ಹೊಲದಲ್ಲೋ ಊರಲ್ಲೋ ನೆಟ್‌ವರ್ಕ್ ಸಿಗದಿದ್ದರೆ ಎರಡನೆಯ ನಂಬರ್ ಕೊಡಿ, ಆದರೆ ಅದು ಯಾರದೆಂದು ಪಕ್ಕದಲ್ಲೇ ಬರೆಯಿರಿ: ‘ಅಣ್ಣನ ನಂಬರ್’. ಅಣ್ಣನಿಗೂ ಮೊದಲೇ ಹೇಳಿಟ್ಟಿರಿ. ‘ಯಾರು? ರಾಂಗ್ ನಂಬರ್’ ಎಂದು ಅವರು ಇಟ್ಟುಬಿಟ್ಟರೆ ಆ ಕರೆ ಮತ್ತೆ ಬರುವುದಿಲ್ಲ. ಗೊತ್ತಿಲ್ಲದ ನಂಬರಿನ ಕರೆಗಳನ್ನು ತಡೆಯುವ ಆ್ಯಪ್ ಹಾಕಿಕೊಂಡಿದ್ದರೆ ಈ ದಿನಗಳಲ್ಲಿ ಅದನ್ನು ತೆಗೆಯಿರಿ.

ಇಮೇಲ್ ವಿಳಾಸವನ್ನೂ ಹೀಗೇ ಪರೀಕ್ಷಿಸಿ: ಬೇರೆ ಖಾತೆಯಿಂದ, ಅಚ್ಚಾದ ವಿಳಾಸವನ್ನು ನೋಡಿ ಟೈಪ್ ಮಾಡಿ ಒಂದು ಮೇಲ್ ಕಳಿಸಿ. ಒಂದು ಅಕ್ಷರ, ಒಂದು ಅಂಕಿ ಹೆಚ್ಚುಕಡಿಮೆಯಾದರೂ ಸಾಕು, ಮೇಲ್ ಬೇರೆಯವರ ಖಾತೆಗೆ ಹೋಗುತ್ತದೆ ಅಥವಾ ವಾಪಸ್ ಬರುತ್ತದೆ.

ಇನ್ನೊಂದು ಕಾರಣ ನಮ್ಮ ಕಡೆ ಬಹಳ ಸಾಮಾನ್ಯ. ಇಂಟರ್‌ನೆಟ್ ಸೆಂಟರ್‌ನವರು ತಮ್ಮ ಅಂಗಡಿಯ ಖಾತೆಯಿಂದಲೇ ಮೇಲ್ ಕಳಿಸಿಬಿಡುತ್ತಾರೆ. ಕಂಪನಿಯವರು ಅದಕ್ಕೇ ‘ರಿಪ್ಲೈ’ ಒತ್ತುತ್ತಾರೆ. ಉತ್ತರ ಅಂಗಡಿಯ ಇನ್‌ಬಾಕ್ಸಿನಲ್ಲಿ ಕೂತಿರುತ್ತದೆ, ನೀವು ಮನೆಯಲ್ಲಿ ಕಾಯುತ್ತಿರುತ್ತೀರಿ. ನಿಮ್ಮ ಫೋನಿನ ಮೇಲ್‌ನಲ್ಲಿ ‘ಸೆಂಟ್’ ಪೆಟ್ಟಿಗೆ ತೆರೆದು ನೋಡಿ. ಕಳಿಸಿದ ಅರ್ಜಿ ಅಲ್ಲಿ ಕಾಣದಿದ್ದರೆ ಕಾರಣ ಸಿಕ್ಕಿತು. ಮುಂದೆ ಅಂಗಡಿಯಲ್ಲಿ ಟೈಪ್ ಮಾಡಿಸಿದರೂ ಫೈಲನ್ನು ನಿಮ್ಮ ಫೋನಿಗೆ ತೆಗೆದುಕೊಂಡು ನಿಮ್ಮ ಖಾತೆಯಿಂದಲೇ ಕಳಿಸಿ. ಸ್ಪ್ಯಾಮ್ ಪೆಟ್ಟಿಗೆಯನ್ನೂ ದಿನಕ್ಕೊಮ್ಮೆ ನೋಡಿ.

ಮೇಲ್‌ನ ವಿಷಯ ಸಾಲನ್ನು ಖಾಲಿ ಬಿಡಬೇಡಿ. ಹುದ್ದೆ, ನಿಮ್ಮ ಹೆಸರು, ಊರು, ಅನುಭವ ಇಷ್ಟೇ ಇರಲಿ. ಒಳಗೆ ನಾಲ್ಕು ಸಾಲು ಸಾಕು: ಯಾವ ಹುದ್ದೆ, ಎಲ್ಲಿ ಜಾಹೀರಾತು ನೋಡಿದಿರಿ, ಏನು ಓದಿದ್ದೀರಿ ಅಥವಾ ಎಷ್ಟು ವರ್ಷ ಯಾವ ಕೆಲಸ ಮಾಡಿದ್ದೀರಿ, ಯಾವಾಗ ಸೇರಬಹುದು. ಫೈಲಿಗೆ ‘ನ್ಯೂ ಡಾಕ್ಯುಮೆಂಟ್ 3’, ‘ಬಯೋಡೇಟಾ ಫೈನಲ್ ಫೈನಲ್’ ಎಂದು ಹೆಸರಿದ್ದರೆ ನೂರು ಫೈಲಿನ ನಡುವೆ ಅದು ಸಿಗುವುದಿಲ್ಲ. ನಿಮ್ಮ ಹೆಸರು ಮತ್ತು ಹುದ್ದೆ ಫೈಲಿನ ಹೆಸರಿನಲ್ಲೇ ಇರಲಿ.

ಲಕ್ಷಣ: ‘ಫೈಲ್ ಓಪನ್ ಆಗ್ತಿಲ್ಲ’, ‘ಅಕ್ಷರ ಏನೋ ಬಂದಾವ’

ಹೀಗೆಂದು ಯಾರಾದರೂ ಹೇಳಿದರೆ ನಿಮ್ಮ ಅದೃಷ್ಟ. ಹೆಚ್ಚಿನವರು ಹೇಳದೆ ಮುಂದಿನ ಫೈಲಿಗೆ ಹೋಗುತ್ತಾರೆ.

ಶಾಲೆ, ಸಹಕಾರ ಸಂಘ, ಪತ್ರಿಕೆ, ಸ್ವಯಂಸೇವಾ ಸಂಸ್ಥೆಗಳಿಗೆ ಕನ್ನಡದಲ್ಲೇ ಬಯೋಡೇಟಾ ಕಳಿಸುವವರು ಇದನ್ನು ಮೊದಲು ನೋಡಬೇಕು. ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡುವುದುಂಟು. ಆ ವ್ಯವಸ್ಥೆಯಲ್ಲಿ ಕಂಪ್ಯೂಟರಿನ ಒಳಗೆ ದಾಖಲಾಗುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲೆ ಕನ್ನಡ ತೋರಿಸುವುದು ಫಾಂಟು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ವರ್ಡ್ ಫೈಲ್ ತೆರೆದರೆ ಚಿಹ್ನೆಗಳ ರಾಶಿ ಕಾಣುತ್ತದೆ. ಪಿಡಿಎಫ್ ಮಾಡಿದರೆ ಕಣ್ಣಿಗೆ ಸರಿ ಕಂಡೀತು, ಆದರೆ ಕಾಪಿ ಮಾಡಿದಾಗ, ಹುಡುಕಿದಾಗ ಅದೇ ರಾಶಿ. ಪರಿಹಾರ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರು, ಫೋನುಗಳಿಗೂ ತಿಳಿಯುವ ಅಕ್ಷರ ಸಂಕೇತ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಫೋನಿನ ಕನ್ನಡ ಕೀಲಿಮಣೆ ಬರೆಯುವುದೂ ಯೂನಿಕೋಡನ್ನೇ. ಹಳೆಯ ಫೈಲನ್ನು ಪರಿವರ್ತಕದಲ್ಲಿ ಹಾಕಿ ಬದಲಿಸಬಹುದು, ಆದರೆ ಬದಲಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರ ಇರುವ ಪದಗಳನ್ನು ಒಂದೊಂದಾಗಿ ಓದಿ. ‘ಮಲ್ಲಿಕಾರ್ಜುನ’, ‘ಕರ್ನಾಟಕ’ದಂಥ ಪದಗಳೇ ಅಲ್ಲಿ ಕೆಡುವುದು.

ಇಂಗ್ಲಿಷ್ ಬಯೋಡೇಟಾಕ್ಕೆ ಈ ತೊಂದರೆಯಿಲ್ಲ, ಅದರ ತೊಂದರೆ ಬೇರೆ. ವರ್ಡ್ ಫೈಲನ್ನೇ ಕಳಿಸಿದರೆ ಇನ್ನೊಂದು ಕಂಪ್ಯೂಟರಿನಲ್ಲಿ ಸಾಲುಗಳು ಜರುಗಿ ಒಂದು ಪುಟದ್ದು ಎರಡಾಗುತ್ತದೆ. ಪ್ರಿಂಟ್ ಹಾಕಿ, ಫೋನಿನಲ್ಲಿ ಫೋಟೊ ಹೊಡೆದು, ಅದನ್ನು ಪಿಡಿಎಫ್ ಮಾಡಿ ಕಳಿಸಿದರೆ ಅದು ಬರಿಯ ಚಿತ್ರ, ಮೂಲೆಯಲ್ಲಿ ಬೆರಳಿನ ನೆರಳು ಬೇರೆ. ಟೈಪ್ ಮಾಡಿದ ಫೈಲಿನಿಂದಲೇ ನೇರವಾಗಿ ಪಿಡಿಎಫ್ ಉಳಿಸಿ. ಎ4 ಅಳತೆ, ಸುತ್ತಲೂ 2 ಸೆಂಟಿಮೀಟರ್ ಅಂಚು, ಅಕ್ಷರ ಗಾತ್ರ 11. ಒಂದು ಎಂಬಿಗಿಂತ ದೊಡ್ಡದಾಗಿದ್ದರೆ ಒಳಗಿನ ಫೋಟೊ ಭಾರಿಯಾಗಿದೆ ಎಂದು ತಿಳಿಯಿರಿ. ಜಾಹೀರಾತಿನಲ್ಲಿ ಕೇಳದಿದ್ದರೆ ಫೋಟೊ ತೆಗೆದರೂ ನಷ್ಟವಿಲ್ಲ.

ಆಮೇಲೆ ಅದನ್ನು ಬೇರೆಯವರ ಫೋನಿಗೆ ಕಳಿಸಿ, ಅವರ ಕೈಯಲ್ಲೇ ತೆರೆಸಿ ನೋಡಿ. ನಿಮ್ಮ ಫೋನಿನಲ್ಲಿ ತೆರೆದದ್ದು ಯಾವ ಸಾಕ್ಷಿಯೂ ಅಲ್ಲ.

ಲಕ್ಷಣ: ಜಾಲತಾಣಕ್ಕೆ ಹಾಕಿದರೆ ಹೆಸರಿನ ಜಾಗದಲ್ಲಿ ಊರು ಬರುತ್ತದೆ, ಕೂಡಲೇ ತಿರಸ್ಕಾರವಾಗುತ್ತದೆ

ದೊಡ್ಡ ಕಂಪನಿಗಳಲ್ಲಿ, ಉದ್ಯೋಗ ಜಾಲತಾಣಗಳಲ್ಲಿ ಮನುಷ್ಯರಿಗಿಂತ ಮೊದಲು ತಂತ್ರಾಂಶ ಬಯೋಡೇಟಾ ಓದುತ್ತದೆ. ಅದು ಅಕ್ಷರಗಳನ್ನು ಎತ್ತಿಕೊಂಡು ಹೆಸರು, ಓದು, ಅನುಭವ ಎಂದು ಬೇರೆ ಬೇರೆ ಖಾನೆಗೆ ತುಂಬುತ್ತದೆ. ನಿಮ್ಮ ಫೈಲ್ ಅದಕ್ಕೆ ಹೇಗೆ ಕಾಣುತ್ತದೆ ಎಂದು ತಿಳಿಯಲು ಸುಲಭ ದಾರಿಯಿದೆ. ಪಿಡಿಎಫ್ ತೆರೆದು ಎಲ್ಲ ಅಕ್ಷರಗಳನ್ನು ಆಯ್ಕೆ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡಿನಲ್ಲೋ ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸುವ ಮೆಸೇಜಿನಲ್ಲೋ ಪೇಸ್ಟ್ ಮಾಡಿ.

ಏನೂ ಪೇಸ್ಟ್ ಆಗದಿದ್ದರೆ ಫೈಲ್ ಚಿತ್ರ, ತಂತ್ರಾಂಶಕ್ಕೆ ಅದು ಖಾಲಿ ಹಾಳೆ. ಎಡಗಡೆಯ ಸಾಲಿಗೆ ಬಲಗಡೆಯ ಸಾಲು ಅಂಟಿಕೊಂಡು ಬಂದರೆ ಎರಡು ಕಾಲಮ್ಮಿನ ಡಿಸೈನ್ ಕೈಕೊಟ್ಟಿದೆ. ಫೋನ್ ನಂಬರ್ ಮಾಯವಾಗಿದ್ದರೆ ಅದು ಚಿತ್ರದೊಳಗೆ ಸೇರಿಹೋಗಿದೆ. ಪುಟದ ಹೆಡರಿನಲ್ಲಿ ಇಟ್ಟ ನಂಬರನ್ನೂ ಕೆಲವು ತಂತ್ರಾಂಶಗಳು ಓದುವುದಿಲ್ಲ. ಕೌಶಲವನ್ನು ಐದರಲ್ಲಿ ನಾಲ್ಕು ನಕ್ಷತ್ರ, ಅರ್ಧ ತುಂಬಿದ ಪಟ್ಟಿಗಳಲ್ಲಿ ತೋರಿಸಿದ್ದರೆ ಅದೆಲ್ಲ ಉದುರಿಹೋಗಿರುತ್ತದೆ. ಮನುಷ್ಯ ಓದಿದರೂ ‘ಎಕ್ಸೆಲ್ ನಾಲ್ಕು ನಕ್ಷತ್ರ’ ಎಂದರೆ ಏನೂ ತಿಳಿಯುವುದಿಲ್ಲ. ‘ಎಕ್ಸೆಲ್: ವಿಲುಕಪ್, ಪಿವಟ್ ಟೇಬಲ್, ಸಂಬಳ ಪಟ್ಟಿ ತಯಾರಿ’ ಎಂದರೆ ತಿಳಿಯುತ್ತದೆ.

ಒಂದೇ ಕಾಲಮ್, ಮೇಲಿಂದ ಕೆಳಕ್ಕೆ, ಹೆಸರು ಮತ್ತು ನಂಬರ್ ಪುಟದ ಮುಖ್ಯ ಭಾಗದಲ್ಲೇ. ಇಷ್ಟಾದರೆ ಈ ದೋಷ ಹೋಯಿತು.

ಊರಿನ ಹೆಸರಿನಲ್ಲೂ ಒಂದು ಸಣ್ಣ ತೊಡಕಿದೆ. ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿಯಾದದ್ದು 2014ರ ನವೆಂಬರ್ 1ರಂದು. ಆದರೂ ಹೊರಗಿನವರು ಹುಡುಕುವಾಗ ಹಳೆಯ ಹೆಸರನ್ನೇ ಟೈಪ್ ಮಾಡುವುದುಂಟು. ವಿಳಾಸದಲ್ಲಿ ಒಮ್ಮೆ ‘ಕಲಬುರಗಿ (ಗುಲ್ಬರ್ಗಾ)’ ಎಂದು ಎರಡನ್ನೂ ಬರೆದರೆ ಎರಡೂ ಹುಡುಕಾಟಕ್ಕೆ ಸಿಗುತ್ತೀರಿ. ವಿಶ್ವವಿದ್ಯಾಲಯದ ಹೆಸರನ್ನು ಮಾತ್ರ ತಿದ್ದಲು ಹೋಗಬೇಡಿ, ಪ್ರಮಾಣಪತ್ರದಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ ಎಂದಿದ್ದರೆ ಬಯೋಡೇಟಾದಲ್ಲೂ ಹಾಗೇ ಇರಬೇಕು.

ಲಕ್ಷಣ: ಫೈಲ್ ಸರಿ, ನಂಬರ್ ಸರಿ, ಆದರೂ ಕರೆಯಿಲ್ಲ

ಈಗ ಬರೆದದ್ದರ ಕಡೆಗೆ ಬರೋಣ. ಹೆಚ್ಚು ಶ್ರಮ ಬೇಡುವ ಭಾಗ ಇದೇ.

ನೀವು ಅರ್ಜಿ ಹಾಕಿದ ಒಂದು ಜಾಹೀರಾತನ್ನು ಪ್ರಿಂಟ್ ತೆಗೆಯಿರಿ. ಅದರಲ್ಲಿ ಕೇಳಿದ ಪ್ರತಿಯೊಂದರ ಕೆಳಗೂ ಗೆರೆ ಹಾಕಿ: ಓದು, ಯಂತ್ರ, ತಂತ್ರಾಂಶ, ಭಾಷೆ, ಶಿಫ್ಟ್, ಲೈಸೆನ್ಸ್. ಈಗ ಬಯೋಡೇಟಾದ ಮೊದಲ ಪುಟದ ಮೇಲಿನ ಮೂರನೇ ಒಂದು ಭಾಗ ಮಾತ್ರ ಕಾಣುವಂತೆ ಉಳಿದದ್ದನ್ನು ಮುಚ್ಚಿ. ಗೆರೆ ಹಾಕಿದ್ದರಲ್ಲಿ ಅರ್ಧವಾದರೂ ಅಲ್ಲಿ ಕಾಣಬೇಕು. ಸಾಮಾನ್ಯವಾಗಿ ಅಲ್ಲಿ ಕಾಣುವುದೇನು? ದೊಡ್ಡ ಅಕ್ಷರದಲ್ಲಿ ‘ಬಯೋಡೇಟಾ’, ತಂದೆಯ ಹೆಸರು, ಅಂಚೆ, ತಾಲೂಕು, ಜಿಲ್ಲೆ ಸಮೇತ ಐದು ಸಾಲಿನ ವಿಳಾಸ, ‘ಸವಾಲಿನ ಕೆಲಸದಲ್ಲಿ ಸಂಸ್ಥೆಯ ಏಳಿಗೆಗೆ ದುಡಿಯುವ ಆಸೆ’ ಎಂಬ ಗುರಿವಾಕ್ಯ. ಓದುವವರ ಕಣ್ಣು ಮೊದಲು ಬೀಳುವ ಜಾಗ ಹೀಗೆ ಖರ್ಚಾಗಿಹೋಗುತ್ತದೆ.

ಗುರಿವಾಕ್ಯ ತೆಗೆದು, ಆ ಜಾಗದಲ್ಲಿ ನೀವು ಯಾರು ಎಂದು ಎರಡು ಸಾಲು ಬರೆಯಿರಿ: ‘ಐಟಿಐ ಎಲೆಕ್ಟ್ರಿಷಿಯನ್, ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆದಾರರ ಕೆಳಗೆ 2 ವರ್ಷ. ಮೂರೂ ಶಿಫ್ಟಿಗೆ ಸಿದ್ಧ.’ ವಿಳಾಸ ಊರು ಮತ್ತು ಜಿಲ್ಲೆಯಷ್ಟೇ ಸಾಕು. ವೈವಾಹಿಕ ಸ್ಥಿತಿ, ಧರ್ಮ, ಜಾತಿ, ತಂದೆಯ ಉದ್ಯೋಗ, ಹವ್ಯಾಸ ಇವೆಲ್ಲ ಹೋಗಲಿ. ಮದುವೆಯ ಬಯೋಡೇಟಾ ಮಾಡಿದ ಫೈಲಿನ ಮೇಲೆಯೇ ಕೆಲಸದ ಬಯೋಡೇಟಾ ಟೈಪ್ ಮಾಡುವ ಅಂಗಡಿಗಳಿವೆ. ಎತ್ತರ, ಬಣ್ಣ, ಗೋತ್ರ ಅಲ್ಲೇ ಉಳಿದುಬಿಟ್ಟಿರುತ್ತವೆ, ಒಮ್ಮೆ ನೋಡಿ. ಸೆಕ್ಯುರಿಟಿಯಂಥ ಕೆಲಸಕ್ಕೆ ಎತ್ತರ ಕೇಳಿದ್ದರೆ ಮಾತ್ರ ಅದು ಇರಲಿ. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಅರ್ಹತಾ ಪ್ರಮಾಣಪತ್ರದ ವಿವರವೂ ಇಲ್ಲಿ ಬೇಡ. ಸಹಾಯಕ ಆಯುಕ್ತರ ಕಚೇರಿಯಿಂದ ಪಡೆದ ಆ ಪ್ರಮಾಣಪತ್ರ ಬಹಳ ಬೆಲೆಯುಳ್ಳದ್ದು, ಅದರ ಜಾಗ ಸರ್ಕಾರಿ ನೇಮಕಾತಿಯ ಅರ್ಜಿ.

ಇನ್ನು ಅನುಭವದ ಸಾಲುಗಳು. ‘ಎಲೆಕ್ಟ್ರಿಷಿಯನ್ ಆಗಿ ಕೆಲಸ ಮಾಡಿದ್ದೇನೆ’ ಎನ್ನುವ ಸಾಲು ಮನೆಯ ಸ್ವಿಚ್ ಬೋರ್ಡ್ ಹಾಕಿದವರಿಗೂ ಹೊಂದುತ್ತದೆ, ವಾಡಿ, ಶಹಾಬಾದ್, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯಲ್ಲಿ ಮೋಟಾರ್ ನೋಡಿಕೊಂಡವರಿಗೂ ಹೊಂದುತ್ತದೆ. ಆರಿಸುವವರಿಗೆ ಬೇಕಾಗಿರುವುದು ಆ ವ್ಯತ್ಯಾಸವೇ. ಅದನ್ನೇ ಹೀಗೆ ಬರೆಯಬಹುದು: ‘ಕನ್ವೇಯರ್‌ನ ಮೂರು ಫೇಸ್ ಮೋಟಾರ್‌ಗಳು, 5ರಿಂದ 30 ಎಚ್‌ಪಿ. ಸ್ಟಾರ್-ಡೆಲ್ಟಾ ಮತ್ತು ಡಿಒಎಲ್ ಸ್ಟಾರ್ಟರ್ ಪ್ಯಾನೆಲ್‌ಗಳ ದುರಸ್ತಿ. ಮೆಗ್ಗರ್‌ನಿಂದ ಇನ್ಸುಲೇಶನ್ ತಪಾಸಣೆ. ಪರ್ಮಿಟ್ ಪಡೆದು, ಲೈನ್ ಲಾಕ್ ಮಾಡಿ ಕೆಲಸ ಮಾಡಿದ ಅಭ್ಯಾಸ.’ ಏನನ್ನು, ಎಷ್ಟು ದೊಡ್ಡದನ್ನು, ಯಾವ ಸಲಕರಣೆಯಿಂದ, ಯಾವ ನಿಯಮದಡಿ ಮಾಡಿದಿರಿ ಎನ್ನುವ ನಾಲ್ಕು ಪ್ರಶ್ನೆಗೆ ಇಲ್ಲಿ ಉತ್ತರವಿದೆ.

ಕಪನೂರ ಕೈಗಾರಿಕಾ ಪ್ರದೇಶದ ದಾಲ್‌ಮಿಲ್‌ಗಳಲ್ಲಿ ದುಡಿದವರು ‘ದಾಲ್‌ಮಿಲ್ ಲೇಬರ್’ ಎಂದಷ್ಟೇ ಬರೆದುಕೊಂಡು ತಮ್ಮ ಬೆಲೆಯನ್ನು ತಾವೇ ಇಳಿಸಿಕೊಳ್ಳುತ್ತಾರೆ. ಸಾರ್ಟೆಕ್ಸ್ ಯಂತ್ರ ನಡೆಸಿದ್ದೀರಾ? ಎಮರಿ ರೋಲರ್‌ನ ಅಂತರ ಹೊಂದಿಸಿ ನುಚ್ಚು ಕಡಿಮೆ ಮಾಡಿದ್ದೀರಾ? ಎಲಿವೇಟರಿನ ಬೆಲ್ಟ್ ಬದಲಿಸಿದ್ದೀರಾ? ಶಿಫ್ಟಿಗೆ ಎಷ್ಟು ಕ್ವಿಂಟಲ್ ತೊಗರಿ ಸಾಗುತ್ತಿತ್ತು? ಇವು ಆಹಾರ ಸಂಸ್ಕರಣೆಯ ಯಾವ ಘಟಕದಲ್ಲೂ ಮೆಷಿನ್ ಆಪರೇಟರ್ ಹುದ್ದೆಗೆ ಬೇಕಾದ ಮಾತುಗಳು.

ಬಿಕಾಂ ಮುಗಿಸಿ ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆದವರು ‘ಟ್ಯಾಲಿ ಬರುತ್ತದೆ’ ಎಂಬಲ್ಲಿಗೆ ನಿಲ್ಲಿಸಬಾರದು. ಟ್ಯಾಲಿ ಪ್ರೈಮ್‌ನಲ್ಲಿ ಖರೀದಿ-ಮಾರಾಟದ ಎಂಟ್ರಿ, ತಿಂಗಳಿಗೆ ಸುಮಾರು ಎಷ್ಟು ಬಿಲ್, ಬ್ಯಾಂಕ್ ರಿಕನ್ಸಿಲಿಯೇಶನ್, ಜಿಎಸ್‌ಟಿಆರ್-1 ಮತ್ತು 3ಬಿಗೆ ಮಾಹಿತಿ ತಯಾರಿಸಿ ಆಡಿಟರಿಗೆ ಕೊಟ್ಟದ್ದು, ಇ-ವೇ ಬಿಲ್ ತೆಗೆದದ್ದು, ಇವನ್ನು ಒಂದೊಂದು ಸಾಲಿನಲ್ಲಿ ಬರೆಯಬೇಕು. ರಿಟರ್ನ್ ಸಲ್ಲಿಸಿದ್ದು ಆಡಿಟರ್, ನೀವು ಮಾಹಿತಿ ತಯಾರಿಸಿದವರು ಎಂದಿದ್ದರೆ ಹಾಗೇ ಬರೆಯಿರಿ. ಬೀದರ್‌ನ ಕೊಳಾರ ಅಥವಾ ಯಾದಗಿರಿಯ ಕಡೇಚೂರಿನ ಔಷಧ ಕಾರ್ಖಾನೆಗಳಿಗೆ ಅರ್ಜಿ ಹಾಕುವ ಬಿಎಸ್ಸಿ ಕೆಮಿಸ್ಟ್ರಿಯವರಿಗೂ ಇದೇ ಮಾತು: ಟೈಟ್ರೇಶನ್, ಪಿಎಚ್ ಮೀಟರ್ ಕ್ಯಾಲಿಬ್ರೇಶನ್, ದ್ರಾವಣ ತಯಾರಿ ಕೈಯಾರೆ ಮಾಡಿದ್ದರೆ ಬರೆಯಿರಿ. ಎಚ್‌ಪಿಎಲ್‌ಸಿಯನ್ನು ಕೈಗಾರಿಕಾ ಭೇಟಿಯಲ್ಲಿ ದೂರದಿಂದ ನೋಡಿದ್ದರೆ ಅದನ್ನು ಕೌಶಲದ ಪಟ್ಟಿಗೆ ಸೇರಿಸಬೇಡಿ. ಎರಡನೇ ಪ್ರಶ್ನೆಗೇ ಅದು ಗೊತ್ತಾಗುತ್ತದೆ, ಆಮೇಲೆ ನಿಜವಾಗಿ ಬರುವುದನ್ನೂ ಅವರು ನಂಬುವುದಿಲ್ಲ.

ಅನುಭವವೇ ಇಲ್ಲದವರು? ಕೊನೆಯ ವರ್ಷದ ಪ್ರಾಜೆಕ್ಟ್ ಇದೆ. ಬರಿಯ ಶೀರ್ಷಿಕೆ ಬರೆದರೆ ಸಾಲದು, ಗುಂಪಿನಲ್ಲಿ ನಿಮ್ಮ ಪಾಲಿನ ಕೆಲಸ ಯಾವುದು, ಏನು ಬಳಸಿದಿರಿ, ಕೊನೆಗೆ ಅದು ನಡೆಯಿತೇ ಎಂದು ಮೂರು ಸಾಲು ಬೇಕು. ಒಕ್ಕಲುತನದ ಮನೆಯವರು ಅದನ್ನು ಮುಚ್ಚಿಡುತ್ತಾರೆ, ಮುಚ್ಚಿಡಬೇಕಿಲ್ಲ. ಬೀಜ-ಗೊಬ್ಬರದ ಕಂಪನಿ, ಹನಿ ನೀರಾವರಿ, ಟ್ರ್ಯಾಕ್ಟರ್ ಶೋರೂಂ, ಬೆಳೆ ವಿಮೆ, ಗ್ರಾಮೀಣ ಸಾಲದ ಸಂಸ್ಥೆಗಳಿಗೆ ತೊಗರಿ, ಸೋಯಾ, ಹತ್ತಿಯ ಹಂಗಾಮು ಗೊತ್ತಿರುವ, ರೈತರ ಜೊತೆ ಅವರ ಮಾತಿನಲ್ಲೇ ಮಾತಾಡುವ ಹುಡುಗರೇ ಬೇಕು. ಹೊಲದ ವಿಸ್ತೀರ್ಣ, ಬೆಳೆ, ನೀವು ಮಾಡಿದ ಕೆಲಸ ಬರೆಯಿರಿ. ಸಾಫ್ಟ್‌ವೇರ್ ಹುದ್ದೆಗೆ ಅದು ಬೇಡ, ಅಷ್ಟೇ.

ಭಾಷೆಯ ಸಾಲನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ಆದರೆ ನಮ್ಮ ಮೂರು ಜಿಲ್ಲೆಯವರಿಗೆ ಅದು ದೊಡ್ಡ ಬಲ. ಕನ್ನಡದ ಜೊತೆ ಉರ್ದು ಅಥವಾ ದಖನಿ, ಹಿಂದಿ, ಗಡಿ ಊರುಗಳಲ್ಲಿ ಮರಾಠಿ ಅಥವಾ ತೆಲುಗು ಮಾತಾಡುವವರು ಇಲ್ಲಿ ಮನೆಮನೆಗೆ ಸಿಗುತ್ತಾರೆ. ಆಸ್ಪತ್ರೆಯ ರಿಸೆಪ್ಶನ್, ಕಾಲ್ ಸೆಂಟರ್, ಮೆಡಿಕಲ್ ರೆಪ್, ಹೈದರಾಬಾದ್ ಅಥವಾ ಸೊಲ್ಲಾಪುರದ ವ್ಯಾಪಾರಿ ಸಂಸ್ಥೆಗಳಿಗೆ ಇದು ನೇರವಾಗಿ ಬೇಕಾದ ಅರ್ಹತೆ. ‘ಭಾಷೆ: 5’ ಎಂದು ಬರೆಯದೆ, ಯಾವುದನ್ನು ಓದಿ ಬರೆಯಬಲ್ಲಿರಿ, ಯಾವುದನ್ನು ಮಾತಾಡಬಲ್ಲಿರಿ ಎಂದು ಬಿಡಿಸಿ ಬರೆಯಿರಿ. ಇಂಗ್ಲಿಷ್ ಓದಲು ಬಂದು ಮಾತಾಡಲು ತಡವರಿಸುತ್ತಿದ್ದರೆ ಅದೂ ಹಾಗೇ ಇರಲಿ.

ಹೊಸಬರಿಗೆ ಒಂದು ಪುಟ ಸಾಕು, ಐದಾರು ವರ್ಷ ದುಡಿದವರಿಗೆ ಎರಡು. ಹೊಸ ಕೆಲಸ ಮೇಲೆ, ಹಳೆಯದು ಕೆಳಗೆ.

ಲಕ್ಷಣ: ಕರೆ ಬರುತ್ತದೆ, ಎರಡು ನಿಮಿಷದಲ್ಲಿ ಮುಗಿಯುತ್ತದೆ

ಇದು ಒಳ್ಳೆಯ ಲಕ್ಷಣ. ಬಯೋಡೇಟಾ ತನ್ನ ಅರ್ಧ ಕೆಲಸ ಮಾಡಿದೆ. ಕರೆ ಯಾವ ಪ್ರಶ್ನೆಯ ಮೇಲೆ ಮುರಿಯಿತು ಎಂದು ಫೋನ್ ಇಟ್ಟ ಕೂಡಲೇ ನೋಟ್‌ಬುಕ್ಕಿನಲ್ಲಿ ಬರೆಯಿರಿ.

‘ಎಲ್ಲಿದ್ದೀರಿ? ಬೆಂಗಳೂರಿಗೆ ಬರ್ತೀರಾ?’ ಎಂಬಲ್ಲಿ ಮುರಿಯುತ್ತಿದ್ದರೆ ಉತ್ತರವನ್ನು ಬಯೋಡೇಟಾದಲ್ಲೇ ಕೊಡಿ: ‘ಹೈದರಾಬಾದ್, ಪುಣೆ, ಬೆಂಗಳೂರಿನಲ್ಲಿ ಕೆಲಸಕ್ಕೆ ಸಿದ್ಧ, ತಿಳಿಸಿದ 10 ದಿನದೊಳಗೆ ಸೇರಬಲ್ಲೆ.’ ಮನೆಯಲ್ಲಿ ಮಾತಾಡಿ ಖಚಿತವಾದ ಮೇಲೆ ಮಾತ್ರ ಇದನ್ನು ಬರೆಯಬೇಕು. ‘2021ರಿಂದ ಏನು ಮಾಡ್ತಿದ್ರಿ?’ ಎಂಬಲ್ಲಿ ಮುರಿಯುತ್ತಿದ್ದರೆ ಖಾಲಿ ವರ್ಷಗಳ ತೊಂದರೆ. ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಎಂದು ಧಾರವಾಡ, ವಿಜಯಪುರದ ಕೋಚಿಂಗ್‌ಗಳಲ್ಲಿ ವರ್ಷಗಟ್ಟಲೆ ಓದಿದವರು ಇದಕ್ಕೆ ಬಹಳ ಅಳುಕುತ್ತಾರೆ. ಅಳುಕುವಂಥದ್ದೇನಿಲ್ಲ. ‘2021–2023: ಸ್ಪರ್ಧಾತ್ಮಕ ಪರೀಕ್ಷೆಗಳ ತಯಾರಿ’ ಎಂದು ಒಂದು ಸಾಲು ಬರೆದರೆ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಆ ವರ್ಷಗಳನ್ನು ತುಂಬಿಸಲು ಗೆಳೆಯನ ಅಂಗಡಿಯಲ್ಲಿ ಕೆಲಸ ಮಾಡಿದಂತೆ ಬರೆದರೆ ಮಾತ್ರ ಕಷ್ಟ ಶುರು.

ಬಯೋಡೇಟಾದಲ್ಲಿರುವ ಪದದ ಬಗ್ಗೆಯೇ ಕೇಳಿದಾಗ ಬಾಯಿ ಕಟ್ಟುತ್ತಿದ್ದರೆ ಅದು ಬೇರೆಯವರ ಬಯೋಡೇಟಾದಿಂದ ಬಂದ ಪದ. ಇಂಗ್ಲಿಷ್ ಬಯೋಡೇಟಾವನ್ನು ಗಟ್ಟಿಯಾಗಿ ಓದಿ, ಪ್ರತಿ ಸಾಲಿಗೂ ಕನ್ನಡದಲ್ಲಿ ಒಂದು ನಿಮಿಷ ವಿವರಣೆ ಕೊಟ್ಟು ನೋಡಿ. ಕೊಡಲಾಗದ ಸಾಲನ್ನು ಅಳಿಸಿಬಿಡಿ.

ಲಕ್ಷಣ: ಆಯ್ಕೆಯಾದ ಮೇಲೆ ದಾಖಲೆ ಪರಿಶೀಲನೆಯಲ್ಲಿ ತಡೆ

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪ್ಯಾನ್, ಪದವಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ಮೇಜಿನ ಮೇಲೆ ಸಾಲಾಗಿ ಇಟ್ಟು ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ. ನಮ್ಮ ಕಡೆ ಒಂದರಲ್ಲಿ ‘ಮಲ್ಲಿಕಾರ್ಜುನ’, ಇನ್ನೊಂದರಲ್ಲಿ ‘ಮಲ್ಲಿಕಾರ್ಜುನ ಶರಣಪ್ಪ’, ಮತ್ತೊಂದರಲ್ಲಿ ‘ಮಲ್ಲಿಕಾರ್ಜುನ ಬಿರಾದಾರ’ ಎಂದಿರುವುದು ಮಾಮೂಲು. ಕೊನೆಗೆ ಅಡ್ಡಹೆಸರಿನ ಇಂಗ್ಲಿಷ್ ಕಾಗುಣಿತವೂ ಬೇರೆ ಬೇರೆ. ಬಯೋಡೇಟಾದಲ್ಲಿ ಎಸ್ಸೆಸ್ಸೆಲ್ಸಿಯ ಹೆಸರನ್ನೇ ಬಳಸಿ, ಉಳಿದ ದಾಖಲೆಗಳನ್ನು ಅದರತ್ತ ತನ್ನಿ. ಎಸ್ಸೆಸ್ಸೆಲ್ಸಿಯನ್ನು ತಿದ್ದಿಸುವುದು ಶಾಲೆಯ ಮೂಲಕ ಮಂಡಳಿಗೆ ಹೋಗುವ ದೀರ್ಘ ದಾರಿ, ಆಧಾರ್ ತಿದ್ದುವುದು ಅದಕ್ಕಿಂತ ಸುಲಭ. ಆದರೆ ಆಧಾರ್‌ನಲ್ಲಿ ಹೆಸರನ್ನು ಎರಡು ಸಲ, ಹುಟ್ಟಿದ ದಿನವನ್ನು ಒಂದೇ ಸಲ ಬದಲಿಸಲು ಅವಕಾಶ. ಕೇಂದ್ರದಲ್ಲಿ ಒಪ್ಪಿಗೆ ಕೊಡುವ ಮುಂಚೆ ಪರದೆಯ ಮೇಲಿನ ಕಾಗುಣಿತವನ್ನು ನೀವೇ ಓದಿ.

ಯಾದಗಿರಿಯವರ ಹಳೆಯ ಪ್ರಮಾಣಪತ್ರಗಳಲ್ಲಿ ಜಿಲ್ಲೆ ಗುಲ್ಬರ್ಗಾ ಎಂದಿರುತ್ತದೆ. ಅದು ದೋಷವಲ್ಲ, ಜಿಲ್ಲೆ ಆಮೇಲೆ ಬೇರೆಯಾಯಿತು. ಕೇಳಿದರೆ ಹೇಳಿದರಾಯಿತು, ಏನನ್ನೂ ತಿದ್ದಿಸಬೇಕಿಲ್ಲ.

ಅಂಕಗಳ ಲೆಕ್ಕ ಇನ್ನೊಂದು ಬಲೆ. ಸಿಜಿಪಿಎಯನ್ನು ಶೇಕಡಾಕ್ಕೆ ತರುವ ಸೂತ್ರ ವಿಶ್ವವಿದ್ಯಾಲಯಕ್ಕೆ, ಸ್ಕೀಮಿಗೆ ತಕ್ಕಂತೆ ಬದಲಾಗುತ್ತದೆ. 7.5 ಸಿಜಿಪಿಎಯನ್ನು ಸುಮ್ಮನೆ ಹತ್ತರಿಂದ ಗುಣಿಸಿದರೆ 75. ಮೊದಲು 0.75 ಕಳೆದು ಆಮೇಲೆ ಗುಣಿಸುವ ಸೂತ್ರದಲ್ಲಿ 67.5. ‘ಕನಿಷ್ಠ 70’ ಎಂದು ಕೇಳಿದ ಕಂಪನಿಯಲ್ಲಿ ಈ ವ್ಯತ್ಯಾಸಕ್ಕೇ ಆಫರ್ ಹೋಗುತ್ತದೆ. ಬಯೋಡೇಟಾದಲ್ಲಿ ಸಿಜಿಪಿಎಯನ್ನೇ ಬರೆಯಿರಿ, ಶೇಕಡಾ ಕೇಳಿದರೆ ನಿಮ್ಮ ಸ್ಕೀಮಿಗೆ ವಿಶ್ವವಿದ್ಯಾಲಯ ಹೊರಡಿಸಿದ ಸೂತ್ರದಿಂದಲೇ ಲೆಕ್ಕ ಹಾಕಿ.

ಹಿಂದಿನ ಕೆಲಸದಲ್ಲಿ ಪಿಎಫ್ ಕಟ್ಟಿದ್ದರೆ ಸೇರಿದ ಮತ್ತು ಬಿಟ್ಟ ತಾರೀಖುಗಳು ನಿಮ್ಮ ಯುಎಎನ್ (ಪಿಎಫ್ ಸಂಖ್ಯೆ) ಖಾತೆಯ ಸೇವಾ ವಿವರದಲ್ಲಿ ದಾಖಲಾಗಿರುತ್ತವೆ. ಬಯೋಡೇಟಾದ ತಿಂಗಳುಗಳು ಅದಕ್ಕೆ ಹೊಂದಬೇಕು. ಎರಡು ತಿಂಗಳು ಎಳೆದು ‘1 ವರ್ಷ’ ಮಾಡಿದರೆ ಸಿಕ್ಕಿಬೀಳುವುದು ಇಲ್ಲೇ.

ಇಲ್ಲಿ ಒಂದು ಕಟ್ಟುನಿಟ್ಟಿನ ಎಚ್ಚರಿಕೆ. ಅಂಕಪಟ್ಟಿಯ ಅಂಕಿಯನ್ನೋ ತಾರೀಖನ್ನೋ ಫೋಟೊ ತಂತ್ರಾಂಶದಲ್ಲಿ ಬದಲಿಸಿಕೊಡುತ್ತೇವೆ, ಅನುಭವ ಪತ್ರ ಮಾಡಿಕೊಡುತ್ತೇವೆ ಎಂದು ಯಾರೇ ಹೇಳಿದರೂ ಅಲ್ಲಿಂದ ಎದ್ದು ಬನ್ನಿ. ಅದು ದಾಖಲೆ ತಿರುಚಿದ ಅಪರಾಧ, ಕೇಸು ಬೀಳುವುದು ನಿಮ್ಮ ಮೇಲೆ.

ಲಕ್ಷಣ: ಕರೆಗಳು ಬರುತ್ತವೆ, ಎಲ್ಲರೂ ದುಡ್ಡು ಕೇಳುತ್ತಾರೆ

ನೋಂದಣಿ ಶುಲ್ಕ, ಯೂನಿಫಾರಂ, ಲ್ಯಾಪ್‌ಟಾಪ್ ಠೇವಣಿ, ಟ್ರೇನಿಂಗ್ ಫೀ ಎಂದು ಯಾವ ಹೆಸರಿನಲ್ಲಿ ಕೇಳಿದರೂ ಕೊಡಬೇಡಿ. ಸಂದರ್ಶನವಿಲ್ಲದೆ ಆಫರ್ ಲೆಟರ್ ಬಂದರೆ, ಕಂಪನಿಯ ಹೆಸರಿದ್ದೂ ಮೇಲ್ ಉಚಿತ ಖಾತೆಯಿಂದ ಬಂದಿದ್ದರೆ, ಓಟಿಪಿ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇಂಥ ಕರೆಗಳು ಒಮ್ಮೆಲೇ ಹೆಚ್ಚಿದರೆ ನಿಮ್ಮ ಬಯೋಡೇಟಾ ಎಲ್ಲೋ ಹರಿದಾಡುತ್ತಿದೆ. ಅದರಲ್ಲಿ ಆಧಾರ್ ನಂಬರ್, ಪ್ಯಾನ್, ಬ್ಯಾಂಕ್ ಖಾತೆ, ಪಾಸ್‌ಪೋರ್ಟ್ ನಂಬರ್, ಪೂರ್ತಿ ಮನೆವಿಳಾಸ ಇದ್ದರೆ ಇವತ್ತೇ ತೆಗೆಯಿರಿ. ಆಯ್ಕೆಯಾಗುವವರೆಗೆ ಯಾವ ಕಂಪನಿಗೂ ಇವು ಬೇಡ. ಆಮೇಲೂ ಆಧಾರ್ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕಾಗುತ್ತದೆಯೇ ಎಂದು ಮೊದಲು ಕೇಳಿ. ಅಂಗಡಿಯ ಕಂಪ್ಯೂಟರಿನಲ್ಲಿ ಕೆಲಸ ಮುಗಿದ ಮೇಲೆ ಡೌನ್‌ಲೋಡ್ ಫೋಲ್ಡರಿನಿಂದಲೂ ರೀಸೈಕಲ್ ಬಿನ್‌ನಿಂದಲೂ ನಿಮ್ಮ ಫೈಲ್ ಅಳಿಸಿ, ಮೇಲ್ ಲಾಗೌಟ್ ಮಾಡಿ, ಕೆಟ್ಟ ಪ್ರಿಂಟನ್ನು ಅಲ್ಲಿ ಬಿಡದೆ ಹರಿದು ತನ್ನಿ.

ಗಲ್ಫ್ ಕೆಲಸದ ಕರೆಯಾದರೆ ಏಜೆಂಟರು ನೋಂದಾಯಿತರೇ ಎಂದು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅದಕ್ಕೂ ರಸೀದಿ ಬೇಕು. ಪಾಸ್‌ಪೋರ್ಟನ್ನು ‘ಇಟ್ಟುಹೋಗಿ’ ಎನ್ನುವವರ ಕೈಗೆ ಕೊಡಬೇಡಿ.

ಇಷ್ಟೆಲ್ಲ ಸರಿಯಿದ್ದೂ ಕರೆ ಬರದಿದ್ದರೆ

ತಿದ್ದಿದ ಬಯೋಡೇಟಾದಿಂದ, ನಿಮ್ಮ ಓದಿಗೆ ಮತ್ತು ಅನುಭವಕ್ಕೆ ನಿಜವಾಗಿ ಹೊಂದುವ ಹದಿನೈದಿಪ್ಪತ್ತು ಹುದ್ದೆಗಳಿಗೆ ಅರ್ಜಿ ಹಾಕಿ ಒಂದು ತಿಂಗಳು ಕಾಯಿರಿ. ಆಗಲೂ ಒಂದು ಕರೆಯೂ ಬರದಿದ್ದರೆ ಬಯೋಡೇಟಾ ತಿದ್ದುವುದನ್ನು ನಿಲ್ಲಿಸಿ. ಇನ್ನೊಬ್ಬರಿಗೆ ಸಾವಿರಾರು ರೂಪಾಯಿ ಕೊಟ್ಟು ಬರೆಸುವುದೂ ಬೇಡ. ನಿಮ್ಮ ಕಾಲೇಜಿನ ಅಥವಾ ಐಟಿಐಯ ಪ್ಲೇಸ್‌ಮೆಂಟ್ ವಿಭಾಗಕ್ಕೆ, ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ, ಇಲ್ಲವೇ ಅದೇ ಕೆಲಸದಲ್ಲಿರುವ ಹಿರಿಯರೊಬ್ಬರ ಬಳಿಗೆ ನಿಮ್ಮ ನೋಟ್‌ಬುಕ್, ಬಯೋಡೇಟಾ ಮತ್ತು ಮೂರು ಜಾಹೀರಾತು ಹಿಡಿದುಕೊಂಡು ಹೋಗಿ. ‘ನನ್ನ ಬಯೋಡೇಟಾ ಹೇಗಿದೆ?’ ಎಂದು ಕೇಳಿದರೆ ‘ಚಲೋ ಅದ’ ಎಂದು ಕಳಿಸುತ್ತಾರೆ. ‘ಈ ಮೂರು ಕೆಲಸಕ್ಕೆ ನನ್ನಲ್ಲಿ ಏನು ಕಡಿಮೆ ಇದೆ?’ ಎಂದು ಕೇಳಿ. ಐಟಿಐ ಮುಗಿಸಿ ಕೈಗೆ ಕೆಲಸ ಸಿಗದವರಿಗೆ ಆ ಉತ್ತರ ಒಂದು ವರ್ಷದ ಅಪ್ರೆಂಟಿಸ್‌ಶಿಪ್ ಆಗಿರಬಹುದು, ಬಿಕಾಂನವರಿಗೆ ಆಡಿಟರ್ ಕಚೇರಿಯಲ್ಲಿ ಆರು ತಿಂಗಳ ದುಡಿಮೆ ಆಗಿರಬಹುದು. ಅದು ಮುಗಿದ ಮೇಲೆ ಬಯೋಡೇಟಾಕ್ಕೆ ಸೇರುವ ಮೂರು ಸಾಲುಗಳನ್ನು ದಿನವೂ ಮಾಡಿದ ಕೆಲಸದ ಜೊತೆಜೊತೆಗೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತ ಹೋಗಿ.